ಹದಿನಾಲ್ಕನೇ ಸಾಲಿನ ಕಾಶಿಕಣಗಿಲೆ

ಶಿರೀಷಾ, ಮಾಪು ಕೆಳಗಿಡು.
ಗಂಟೆ ನಾಲ್ಕೂವರೆ, ಗಾಜು ಇನ್ನೂ ತಣ್ಣಗಿದೆ.
ಟ್ಯಾಂಕರು ನಾಗಲಮಡಿಕೆ ರಸ್ತೆಯ ತಿರುವಿನಲ್ಲೇ ಕೆಮ್ಮುತ್ತಿದೆ,
ಅದು ಬರುವಷ್ಟರಲ್ಲಿ ಒಂದು ತೋರಿಸುತ್ತೇನೆ ಬಾ.
ಫೋನಿನ ಬೆಳಕು ಬಗ್ಗಿಸಿ ಹಿಡಿ.

ಇಗೋ. ಹದಿನಾಲ್ಕನೇ ಸಾಲು, ಮೂರನೇ ಕಂಬದ ಬುಡ.
ಐದು ಎಸಳು, ನಡುವೆ ಕುಂಕುಮದ ಚುಕ್ಕೆ,
ಗಿರಗಿಟ್ಲೆಯ ಹಾಗೆ ಎಲ್ಲ ಒಂದೇ ಕಡೆ ವಾಲಿಕೊಂಡು.
ನಾವು ಕಾಶಿಕಣಗಿಲೆ ಅಂತೀವಿ, ಮೇಷ್ಟ್ರು ನಿತ್ಯಪುಷ್ಪ ಅಂತಾರೆ.
ನಮ್ಮತ್ತೆ ಓಬಳಮ್ಮ ತೆಲುಗಿನಲ್ಲಿ ಬಿಳ್ಳಗನ್ನೇರು ಅಂದು
ಮುಖ ತಿರುಗಿಸುತ್ತಿದ್ದಳು:
ಗೋರಿ ಪಕ್ಕ ಬೆಳೆಯುವಂಥದ್ದು,
ದೇವರ ಪಟಕ್ಕಾದರೂ ಏರೀತು, ಮುಡಿಗೆ ಏರಬಾರದು.

ನೀರು ಹುಯ್ಯಬೇಡ. ಇದೇ ಮೊದಲ ಪಾಠ.
ಪ್ರೀತಿ ಜಾಸ್ತಿಯಾಗಿ ಸತ್ತ ಗಿಡ ನಾಲ್ಕು ನೋಡಿದ್ದೇನೆ,
ಎರಡು ನನ್ನ ಕೈಯಲ್ಲೇ.
ಬುಡ ಕಪ್ಪಾಗಿ, ಮುಟ್ಟಿದರೆ ಬೆಂದ ಸೊಪ್ಪಿನಂತೆ ಕಿತ್ತು ಬಂತು.
ನಾವು ಗಾಜು ತೊಳೆದಾಗ ಅಂಚಿನಿಂದ ತೊಟ್ಟಿಕ್ಕುತ್ತಲ್ಲ,
ಹದಿನೈದು ದಿನಕ್ಕೊಮ್ಮೆ, ಧೂಳು ಬೆರೆತ ಕೆಂಚು ನೀರು,
ಅಷ್ಟು ಸಾಕು.
ಮಧ್ಯಾಹ್ನ ಎಲೆ ಮುದುಡಿ ಜೋತುಬಿದ್ದರೆ ಗಾಬರಿಯಾಗಬೇಡ,
ಸಾಯುತ್ತಿಲ್ಲ ಅದು, ಕಣ್ಣು ಮುಚ್ಚಿದೆ.
ಸಂಜೆ ಗೇಟು ದಾಟುವಾಗ ತಿರುಗಿ ನೋಡು.

ಎತ್ತರಕ್ಕೆ ಬಿಡಬೇಡ. ಮೊಣಕಾಲು ದಾಟಿತೋ
ನೆರಳು ಗಾಜಿನ ಮೇಲೆ ಬೀಳುತ್ತೆ.
ಒಂದು ಎಲೆಯ ನೆರಳಿಗೂ ಒಳಗೆ ಏಸಿಯಲ್ಲಿ ಕೂತವರ ಪರದೆಯಲ್ಲಿ
ಒಂದು ಗೆರೆ ಕೆಳಕ್ಕಿಳಿಯುತ್ತಂತೆ. ಜಬೀವುಲ್ಲಾ ಸಾರು ಹೇಳಿದ್ದು.
ಅದಕ್ಕೇ ಕುಡಿ ಚಿವುಟಬೇಕು,
ಹೀಗೆ, ಉಗುರಿನಲ್ಲಿ, ಎರಡೆಲೆ ಬಿಟ್ಟು ಮೇಲೆ.
ಚಿವುಟಿದಲ್ಲಿ ಕವಲು ಎರಡು.
ಬೆರಳಿಗೆ ಕಹಿ ಅಂಟುತ್ತೆ,
ಮುದ್ದೆ ಮುರಿಯುವಾಗ ನೆನಪಾಗುತ್ತೆ, ಬೈಕೋಬೇಡ.
ಆ ಕಹಿಗೇ ಬೇಲಿ ನುಸುಳಿದ ಕುರಿ
ಗರಿಕೆಯೆಲ್ಲ ಮುಗಿಸಿ ಇದನ್ನು ಮೂಸಿ
ಸೀನಿ ಮುಂದಕ್ಕೆ ಹೋಗುವುದು.

ಹೋದ ವರ್ಷ ಆರ್ಡರು ಬಂತು,
ಸಾಲಿನ ಕೆಳಗೆ ಹಸಿರೇ ಇರಕೂಡದು.
ಕಿತ್ತವಳು ನಾನೇ. ಬೇರೆಯವರು ಕುಡುಗೋಲು ತಂದಾರು ಅಂತ.
ಬೇರಿನ ಜೊತೆ ಮೇಲೆ ಬಂತು ಒಂದು ಹಸಿರು ಬಳೆ ಚೂರು.
ಇದು ನಮ್ಮ ಹೊಲ ಕಣೇ, ಹದಿನೇಳನೇ ಸಾಲಿನವರೆಗೂ.
ಶೇಂಗಾ ಕೀಳುವಾಗ ಒಡೆದದ್ದು.
ಯಾರದ್ದೋ. ನನ್ನದೇ ಇರಬೇಕು.

ಒಣಗಿದ ಕಾಯಿ ಜೋಡಿ ಜೋಡಿ, ಅವರೆ ನಾರಿನಷ್ಟು ಸಣ್ಣ.
ಮುಟ್ಟಿದ್ದೇ ತಡ ಬಿರಿದು
ಸಾಸಿವೆಗಿಂತ ಚಿಕ್ಕ ಕರಿಬೀಜ
ಒದ್ದೆ ಸೀರೆಯ ಅಂಚಿಗೆ ಮೆತ್ತಿಕೊಂಡವು.
ಅದನ್ನುಟ್ಟೇ ಇಡೀ ಬೆಳಗ್ಗೆ
ಸಾಲು ಸಾಲು ನಡೆದೆ, ತೊಳೆದೆ, ಕೊಡವಿದೆ.
ಗೊತ್ತಿದ್ದೂ ಮಾಡಿದೆಯಾ ಅಂತ ಕೇಳಬೇಡ.

ಬೀಜಕ್ಕೆ ಕತ್ತಲೆ ಬೇಕು, ಗಿಡಕ್ಕೆ ಬಿಸಿಲು.
ಕಂಪನಿಯವರು ಅರಿಯದೇ ಎರಡನ್ನೂ
ಒಂದೇ ಅಂಚಿಗೆ ತಂದಿಟ್ಟಿದ್ದಾರೆ.
ನೆರಳಲ್ಲಿ ಕಣ್ಣು ಬಿಟ್ಟು ಬೆಳಕಿಗೆ ಕುತ್ತಿಗೆ ಚಾಚಿ
ಆರು ಸಾಲಿನಲ್ಲಿ ಎದ್ದವು.

ಜಬೀವುಲ್ಲಾ ಸಾರು ನೋಡಿದರು.
ಕೂತರು, ಹೆಬ್ಬೆರಳಿಂದ ಕಿರುಬೆರಳಿಗೆ ಗೇಣು ಹಾಕಿದರು,
ಎದ್ದು ತಮ್ಮ ಮೊಣಕಾಲಿಗೆ ಹಿಡಿದು ನೋಡಿದರು,
ಪುಸ್ತಕದಲ್ಲಿ ಏನೋ ಬರೆದರು.
ಇಂಗ್ಲಿಷು. ನನಗೆ ಓದಲು ಬಾರದು.
ಇವತ್ತಿನವರೆಗೆ ಯಾರೂ ಬಂದಿಲ್ಲ.

ಇನ್ನೊಂದು ಹೇಳುತ್ತೇನೆ, ಊರಲ್ಲಿ ಆಡಬೇಡ.
ಓಬಳಮ್ಮ ಹೋದ ಮೇಲೆ ಒಂದು ನಸುಕಿನಲ್ಲಿ
ಒಂಟಿ ಹೂ ಮುಡಿದು ನೋಡಿದೆ.
ವಾಸನೆ ಇಲ್ಲ, ಭಾರವೂ ಇಲ್ಲ,
ಇದೆಯೋ ಇಲ್ಲವೋ ಅಂತ ಮತ್ತೆ ಮತ್ತೆ ಮುಟ್ಟಿಕೊಂಡೆ.
ಬಗ್ಗಿ ಒರೆಸುವಾಗ ಜಾರಿ ಗಾಜಿಗೆ ಬಿತ್ತು.
ಮಾಪಿನ ಒಂದೇ ಎಳೆತಕ್ಕೆ ನೀರಿನ ಜೊತೆ ಇಳಿದು
ಅಂಚಿನಲ್ಲಿ ಒಂದು ಗಳಿಗೆ ನಿಂತು
ಕೆಳಗೆ ಉದುರಿತು, ತನ್ನದೇ ಬುಡಕ್ಕೆ.

ಟ್ಯಾಂಕರು ಬಂತು. ಬೆಳಕು ಆರಿಸು.
ಪೈಪು ಬಿಗಿಯಾಗಿ ಹಿಡಿ, ಮೊದಲ ನೀರು ಒದೆಯುತ್ತೆ.